ಮಗು ಓಡಲಿ, ಹಾರಲಿ, ಹತ್ತಲಿ

ಬಾಗಲಕೋಟೆ ಸಮೀಪದ ಶಿರೂರಿನಿಂದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗನಿಗೆ ನಾಲ್ಕು ವರ್ಷ ತುಂಬಿದೆ. ಮಾತು ಚುರುಕು, ಊಟವೂ ಸರಿಯಾಗಿದೆ. ಆದರೆ ಅವನು ನಡೆಯಲು ಕಲಿತದ್ದೇ ಒಂದೂವರೆ ವರ್ಷ ಕಳೆದ ಮೇಲೆ. ಓರಗೆಯ ಮಕ್ಕಳೊಡನೆ ಓಡಿದರೆ ಹಿಂದೆ ಉಳಿಯುತ್ತಾನೆ, ಆಗಾಗ ಮುಗ್ಗರಿಸಿ ಬೀಳುತ್ತಾನೆ. ಮನೆಯ ಕಟ್ಟೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ. ನೆಲದಿಂದ ಏಳುವಾಗ ಮೊಣಕಾಲಿನ ಮೇಲೆ ಕೈಯೂರುತ್ತಾನೆ. ‘ಅವರಪ್ಪನೂ ಹಿಂಗ ತಡಾ ಮಾಡಿ ನಡದಾನ, ಈಗ ಎತ್ತಿನಂಗ ದುಡೀತಾನ. ಮೀನಖಂಡ ನೋಡು, ಪೈಲ್ವಾನನ ಕಾಲಿದ್ದಂಗ ಅದಾವ’ ಎಂದು ಅತ್ತೆ ಧೈರ್ಯ ಹೇಳುತ್ತಾರಂತೆ. ‘ಇನ್ನೂ ಒಂದು ವರ್ಷ ಕಾಯಬೇಕೋ, ಈಗಲೇ ತೋರಿಸಬೇಕೋ?’ ಎಂಬುದು ತಾಯಿಯ ಪ್ರಶ್ನೆ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಕಾಯಬಾರದು, ಈ ವಾರವೇ ತೋರಿಸಬೇಕು. ಏಕೆ ಎಂಬುದನ್ನು ಮುಂದೆ ವಿವರಿಸಲಾಗಿದೆ. ಆದರೆ ಮಗುವಿನ ನಡಿಗೆಯಲ್ಲಿ ಯಾವುದು ತಪ್ಪು ಎಂದು ತಿಳಿಯಲು ಮೊದಲು ಯಾವುದು ಸರಿ ಎಂಬುದು ಗೊತ್ತಿರಬೇಕು. ಎರಡರಿಂದ ಆರು ವರ್ಷದೊಳಗಿನ ಮಗು ಯಾವ ವಯಸ್ಸಿಗೆ ಏನು ಮಾಡಬಲ್ಲದು? ಹೇಗೆ ಕಲಿಯುತ್ತದೆ? ಮನೆಯವರು ಏನು ಮಾಡಬೇಕು? ಇವು ಪ್ರತಿ ಮನೆಗೂ ಬೇಕಾದ ವಿಷಯಗಳು.

ಸ್ಥೂಲ ಚಲನೆ ಎಂದರೇನು?

ಮಗುವಿನ ಚಲನೆಗಳನ್ನು ವೈದ್ಯರು ಎರಡು ಬಗೆಯಾಗಿ ನೋಡುತ್ತಾರೆ. ಬೆರಳುಗಳಿಂದ ಕಾಳು ಹೆಕ್ಕುವುದು, ಗುಂಡಿ ಹಾಕುವುದು, ಬಳಪ ಹಿಡಿದು ಗೆರೆ ಎಳೆಯುವುದು ಸೂಕ್ಷ್ಮ ಚಲನೆಗಳು. ಕತ್ತು, ಬೆನ್ನು, ಸೊಂಟ, ತೊಡೆ, ಭುಜಗಳ ದೊಡ್ಡ ಸ್ನಾಯುಗಳಿಂದ ಆಗುವ ಕೂರುವುದು, ನಿಲ್ಲುವುದು, ನಡೆಯುವುದು, ಓಡುವುದು, ಹತ್ತುವುದು, ಜಿಗಿಯುವುದು, ಎಸೆಯುವುದು, ಒದೆಯುವುದು ಸ್ಥೂಲ ಚಲನೆಗಳು. ಇವುಗಳಲ್ಲಿ ಪಳಗುವುದೇ ಸ್ಥೂಲ ಚಲನಾ ಕೌಶಲ.

ಈ ಬೆಳವಣಿಗೆಗೆ ಒಂದು ಕ್ರಮವಿದೆ. ಹಿಡಿತವು ತಲೆಯಿಂದ ಕಾಲಿನ ಕಡೆಗೆ ಇಳಿಯುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಬಳಿಕ ಸೊಂಟ, ಕೊನೆಗೆ ಕಾಲು. ಹಾಗೆಯೇ ಅದು ದೇಹದ ನಡುವಿನಿಂದ ಹೊರಕ್ಕೆ ಹರಿಯುತ್ತದೆ. ಭುಜ ಮೊದಲು, ಬೆರಳು ಆಮೇಲೆ. ಆದ್ದರಿಂದಲೇ ಮೂರು ವರ್ಷದ ಮಗುವನ್ನು ಗಂಟೆಗಟ್ಟಲೆ ಕೂರಿಸಿ ಅಕ್ಷರ ತಿದ್ದಿಸುವುದಕ್ಕಿಂತ ಅದನ್ನು ಅಂಗಳಕ್ಕೆ ಬಿಡುವುದು ಜಾಣತನ. ಬೆನ್ನು ಮತ್ತು ಭುಜ ಗಟ್ಟಿಯಾದ ಮಗುವಿಗೆ ಮುಂದೆ ಬೆಂಚಿನ ಮೇಲೆ ನೆಟ್ಟಗೆ ಕುಳಿತು ಬರೆಯುವುದು ಸುಲಭ.

ಒಳಗೆ ನಡೆಯುವುದೇನು?

ಒಂದು ಹೆಜ್ಜೆ ಇಡುವುದು ನಮಗೆ ಸಲೀಸು. ಆದರೆ ಅದರ ಹಿಂದೆ ದೊಡ್ಡ ಏರ್ಪಾಡೇ ಇದೆ. ಮಿದುಳಿನ ಮೇಲ್ಪದರ ‘ನಡೆ’ ಎಂದು ಅಪ್ಪಣೆ ಕೊಡುತ್ತದೆ. ಅಪ್ಪಣೆ ಬೆನ್ನುಹುರಿಯ ಮೂಲಕ ನರಗಳಿಗೆ, ನರಗಳಿಂದ ಸ್ನಾಯುಗಳಿಗೆ ತಲುಪುತ್ತದೆ. ತಲೆಯ ಹಿಂಭಾಗದಲ್ಲಿರುವ ಕಿರುಮಿದುಳು ಚಲನೆಯನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ. ಒಳಗಿವಿಯ ಸಮತೋಲದ ಅಂಗ ತಲೆ ಎತ್ತ ವಾಲಿದೆ ಎಂದು ತಿಳಿಸುತ್ತದೆ. ಕಣ್ಣು ದಾರಿ ತೋರಿಸುತ್ತದೆ. ಪಾದ ಮತ್ತು ಕೀಲುಗಳು ನೆಲ ಎಂಥದ್ದು, ಕಾಲು ಎಷ್ಟು ಮಡಚಿದೆ ಎಂಬ ವರದಿ ಕಳಿಸುತ್ತವೆ. ಇವುಗಳಲ್ಲಿ ಯಾವುದೊಂದು ಕೆಟ್ಟರೂ ನಡಿಗೆ ಕೆಡುತ್ತದೆ.

ನರದ ಎಳೆಗಳ ಸುತ್ತ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇದ್ದಂತೆ ಇದು. ಹೊದಿಕೆ ಬೆಳೆದಂತೆಲ್ಲ ಸಂದೇಶ ವೇಗವಾಗಿ, ನಿಖರವಾಗಿ ಹರಿಯುತ್ತದೆ. ಹುಟ್ಟಿದಾಗ ಅರೆಬರೆಯಾಗಿರುವ ಈ ಹೊದಿಕೆ ಬಾಲ್ಯದುದ್ದಕ್ಕೂ ಬೆಳೆಯುತ್ತದೆ. ಆದ್ದರಿಂದ ಅವಸರ ಮಾಡಿ ಮಗುವನ್ನು ನಡೆಸಲು ಬಾರದು. ಆದರೆ ನರಮಂಡಲ ಸಿದ್ಧವಾದ ಮೇಲೆ ಅಭ್ಯಾಸಕ್ಕೆ ಅವಕಾಶ ಸಿಗದಿದ್ದರೆ ಕೌಶಲ ಪಳಗುವುದಿಲ್ಲ. ಪಕ್ವತೆ ಹೊಲದ ಹದವಿದ್ದಂತೆ, ಅಭ್ಯಾಸ ಬಿತ್ತನೆಯಿದ್ದಂತೆ. ಫಸಲಿಗೆ ಎರಡೂ ಬೇಕು.

ಮೊದಲ ಹೆಜ್ಜೆಗೆ ಎಷ್ಟು ಕಾಯಬೇಕು?

ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಓಮಾನ್ ಮತ್ತು ಅಮೆರಿಕ ದೇಶಗಳ ಆರೋಗ್ಯವಂತ ಮಕ್ಕಳ ಚಲನೆಯನ್ನು ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ, ಆಸರೆಯಿಲ್ಲದೆ ನಿಲ್ಲುವುದು 7ರಿಂದ 17 ತಿಂಗಳೊಳಗೆ, ಒಂಟಿಯಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳೊಳಗೆ ಎಂದು ಅದರಲ್ಲಿ ಕಂಡುಬಂತು. ಪಕ್ಕದ ಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತು, ನಮ್ಮದು ಹದಿನಾಲ್ಕಾದರೂ ನಡೆದಿಲ್ಲ ಎಂದು ಕೊರಗುವ ತಾಯಂದಿರು ಈ ಅಂತರವನ್ನು ಗಮನಿಸಬೇಕು. ಎರಡೂ ಸಹಜವೇ.

ಇನ್ನೊಂದು ಸಂಗತಿ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡದೆಯೇ ನೇರವಾಗಿ ಎದ್ದು ನಡೆದಿದ್ದವು. ಆದ್ದರಿಂದ ಅಂಬೆಗಾಲಿಡಲಿಲ್ಲ ಎಂಬುದೊಂದೇ ರೋಗಲಕ್ಷಣವಲ್ಲ. ಆದರೆ ಹದಿನೆಂಟು ತಿಂಗಳು ತುಂಬಿದರೂ ಮಗು ಒಂಟಿಯಾಗಿ ನಡೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಇದು ನೆನಪಿಡಬೇಕಾದ ಗೆರೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಎಣಿಸಬೇಕು. ಎರಡು ವರ್ಷದವರೆಗೆ ಈ ರಿಯಾಯಿತಿ ಸಲ್ಲುತ್ತದೆ.

ವರ್ಷದಿಂದ ವರ್ಷಕ್ಕೆ

ಹೊಸದಾಗಿ ನಡೆಯುವ ಮಗು ಕಾಲುಗಳನ್ನು ಅಗಲಿಸಿ, ಕೈಗಳನ್ನು ಮೇಲೆತ್ತಿ, ಇಡೀ ಪಾದವನ್ನು ಒಮ್ಮೆಗೇ ನೆಲಕ್ಕೆ ಬಡಿದು ನಡೆಯುತ್ತದೆ. ಬೀಳದಿರಲು ಅದು ಕಂಡುಕೊಂಡ ಉಪಾಯ ಇದು. ತಿಂಗಳುಗಳು ಕಳೆದಂತೆ ಕೈ ಕೆಳಗಿಳಿಯುತ್ತದೆ, ಕಾಲು ಹತ್ತಿರವಾಗುತ್ತದೆ, ಹಿಮ್ಮಡಿ ಮೊದಲು ನೆಲ ಮುಟ್ಟತೊಡಗುತ್ತದೆ. ದೊಡ್ಡವರಂಥ ನಡಿಗೆ ಪೂರ್ತಿ ಕೂಡಿಬರಲು ಏಳು ವರ್ಷ ಬೇಕು.

ಎರಡು ವರ್ಷ: ಮಗು ಓಡುತ್ತದೆ, ಆದರೆ ತಿರುವಿನಲ್ಲಿ ಬೀಳುತ್ತದೆ. ಬೇಕೆಂದಾಗ ಥಟ್ಟನೆ ನಿಲ್ಲಲಾರದು. ಚೆಂಡನ್ನು ಒದೆಯುತ್ತದೆ. ಕುಕ್ಕರುಗಾಲಲ್ಲಿ ಕುಳಿತು ಮಣ್ಣಲ್ಲಿ ಆಡಿ, ಏನನ್ನೂ ಹಿಡಿಯದೆ ಏಳುತ್ತದೆ. ಕೈ ಹಿಡಿದರೆ ಮೆಟ್ಟಿಲು ಹತ್ತುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ಎರಡೂ ಕಾಲು ಇಡುತ್ತದೆ. ಎರಡೂವರೆಯ ಸುಮಾರಿಗೆ ಎರಡೂ ಪಾದಗಳನ್ನು ಒಟ್ಟಿಗೆ ನೆಲದಿಂದ ಎತ್ತಿ ಜಿಗಿಯುತ್ತದೆ.

ಮೂರು ವರ್ಷ: ಮೆಟ್ಟಿಲಿಗೊಂದು ಕಾಲಿನಂತೆ ಹತ್ತುತ್ತದೆ. ಇಳಿಯುವಾಗ ಮಾತ್ರ ಇನ್ನೂ ಎರಡೂ ಕಾಲು ಒಂದೇ ಮೆಟ್ಟಿಲಿಗೆ. ಮೂರು ಗಾಲಿ ಸೈಕಲ್ಲಿನ ಪೆಡಲ್ ತುಳಿಯಲು ಕಲಿಯುತ್ತದೆ. ಒಂದೆರಡು ಕ್ಷಣ ಒಂಟಿಗಾಲಲ್ಲಿ ನಿಲ್ಲುತ್ತದೆ. ಚೆಂಡು ಎಸೆದರೆ ತೋಳುಗಳನ್ನು ಮುಂದೆ ಚಾಚಿ ನಿಂತು, ಬಂದದ್ದನ್ನು ಎದೆಗೆ ಅವಚಿಕೊಳ್ಳುತ್ತದೆ.

ನಾಲ್ಕು ವರ್ಷ: ಮೆಟ್ಟಿಲಿಗೊಂದು ಕಾಲಿನಂತೆ ಇಳಿಯುವುದನ್ನೂ ಕಲಿಯುತ್ತದೆ. ಒಂಟಿಗಾಲಲ್ಲಿ ನಾಲ್ಕೈದು ಕ್ಷಣ ನಿಲ್ಲುತ್ತದೆ, ಎರಡು ಮೂರು ಸಲ ಕುಂಟುತ್ತದೆ. ಓಡುತ್ತ ಓಡುತ್ತ ದಿಕ್ಕು ಬದಲಿಸುತ್ತದೆ. ನೆಲಕ್ಕೆ ಪುಟಿದು ಬಂದ ದೊಡ್ಡ ಚೆಂಡನ್ನು ಹಿಡಿಯುತ್ತದೆ.

ಐದು ವರ್ಷ: ಹತ್ತು ಎಣಿಸುವಷ್ಟು ಹೊತ್ತು ಒಂಟಿಗಾಲಲ್ಲಿ ನಿಲ್ಲಬಲ್ಲದು. ಕುಂಟಾಬಿಲ್ಲೆಯ ಮನೆಗಳನ್ನು ದಾಟಬಲ್ಲದು. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆ ಹಾಕಬಲ್ಲದು. ಜೋಕಾಲಿಯನ್ನು ತಾನೇ ಜೀಕಲು ಕಲಿಯುತ್ತದೆ. ಚೆಂಡನ್ನು ಎದೆಗೆ ಒತ್ತದೆ ಕೈಯಿಂದಲೇ ಹಿಡಿಯುತ್ತದೆ.

ಇವು ಸರಾಸರಿ ಲೆಕ್ಕಗಳು. ನಾಲ್ಕಾರು ತಿಂಗಳು ಹಿಂದುಮುಂದಾದರೆ ಗಾಬರಿ ಬೇಡ. ಸಾಮಾನ್ಯವಾಗಿ ಹೆಣ್ಣು ಮಕ್ಕಳು ಕುಂಟುವುದು, ಸಮತೋಲ ಕಾಯ್ದುಕೊಳ್ಳುವುದರಲ್ಲಿ ತುಸು ಮುಂದಿರುತ್ತಾರೆ, ಗಂಡು ಮಕ್ಕಳು ಎಸೆಯುವುದು, ಒದೆಯುವುದರಲ್ಲಿ ತುಸು ಮುಂದಿರುತ್ತಾರೆ. ಇದರಲ್ಲಿ ಬಹುಪಾಲು ನಾವು ಕೊಡುವ ಅವಕಾಶದ ಫಲ. ಹೆಣ್ಣು ಮಗುವಿಗೂ ಚೆಂಡು ಕೊಡಿ.

ಡೊಂಕು ಕಾಲು, ಚಪ್ಪಟೆ ಪಾದ

ತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಎರಡು ವರ್ಷದವರೆಗೆ ಮಗುವಿನ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುವುದು ಸಹಜ. ಮೂರು ನಾಲ್ಕು ವರ್ಷಕ್ಕೆ ಅದು ತಿರುಗಿ, ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಕಾಣುವುದೂ ಸಹಜ. ಏಳು ವರ್ಷದ ಹೊತ್ತಿಗೆ ತಾನಾಗಿ ನೆಟ್ಟಗಾಗುತ್ತದೆ. ಚಿಕ್ಕ ಮಕ್ಕಳ ಪಾದದ ಅಡಿ ಚಪ್ಪಟೆಯಾಗಿ ಕಾಣುವುದಕ್ಕೂ ವಿಶೇಷ ಬೂಟು ಬೇಕಿಲ್ಲ. ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ ಸಾಕು.

ಆದರೆ ಬಾಗು ಒಂದೇ ಕಾಲಿಗಿದ್ದರೆ, ದಿನೇ ದಿನೇ ಹೆಚ್ಚುತ್ತಿದ್ದರೆ, ಮಣಿಕಟ್ಟು ದಪ್ಪವಾಗಿದ್ದರೆ, ಎತ್ತರ ಬೆಳೆಯದಿದ್ದರೆ ವಿಟಮಿನ್ ‘ಡಿ’ ಕೊರತೆಯ ಮೂಳೆರೋಗವನ್ನು ಶಂಕಿಸಬೇಕು. ನಮ್ಮ ಬಾಗಲಕೋಟೆ ಜಿಲ್ಲೆಯವರು ಇನ್ನೊಂದು ಕಾರಣವನ್ನೂ ನೆನಪಿಡಬೇಕು. ಹುನಗುಂದ, ಇಳಕಲ್ಲ ಸುತ್ತಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಊಟದಲ್ಲಿ ಸುಣ್ಣದಂಶ ಕಡಿಮೆಯಿದ್ದು ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಬೆಳೆಯುವ ಮೂಳೆ ಸೊಟ್ಟಗಾಗುತ್ತದೆ. ಇಂಥ ಊರುಗಳಲ್ಲಿ ಕುಡಿಯಲು, ಅಡಿಗೆಗೆ ಶುದ್ಧೀಕರಣ ಘಟಕದ ನೀರನ್ನೇ ಬಳಸಬೇಕು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಅಂಗಳವೇ ಪರೀಕ್ಷಾಲಯ

ಮಗುವಿನ ದೊಡ್ಡ ಸ್ನಾಯುಗಳ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಮೂರು ವರ್ಷ ದಾಟಿದ ಮಗುವಿಗೆ ಆಟದ ನೆಪದಲ್ಲಿ ಐದು ಕೆಲಸ ಹೇಳಿ. ಬಾಗಿಲಿನಿಂದ ಬೇವಿನ ಮರದವರೆಗೆ ಓಡು. ಗೆರೆಯಿಂದ ಎರಡೂ ಕಾಲಲ್ಲಿ ಜಿಗಿ. ಕಟ್ಟೆಯ ಮೆಟ್ಟಿಲು ಹತ್ತಿ ಇಳಿ. ಒಂಟಿಗಾಲಲ್ಲಿ ನಿಲ್ಲು. ಕೊನೆಯದಾಗಿ, ಕಾಲು ಚಾಚಿ ನೆಲದ ಮೇಲೆ ಕೂತುಕೋ, ಈಗ ಬೇಗ ಏಳು. ಈ ಕೊನೆಯದನ್ನು ಸೂಕ್ಷ್ಮವಾಗಿ ಗಮನಿಸಿ. ಸಹಜ ಮಗು ಚಂಗನೆ ಎದ್ದು ನಿಲ್ಲುತ್ತದೆ. ತೊಡೆ ಮತ್ತು ಸೊಂಟದ ಸ್ನಾಯು ದುರ್ಬಲವಾದ ಮಗು ಮೊದಲು ಬೋರಲಾಗುತ್ತದೆ, ಕೈ ಕಾಲು ನಾಲ್ಕನ್ನೂ ಊರಿ ಸೊಂಟ ಎತ್ತುತ್ತದೆ, ಬಳಿಕ ಮೊಣಕಾಲ ಮೇಲೆ, ತೊಡೆಯ ಮೇಲೆ ಕೈಯೂರುತ್ತ ತನ್ನ ಮೈಯನ್ನು ತಾನೇ ಹತ್ತಿದಂತೆ ಏಳುತ್ತದೆ. ಬ್ರಿಟಿಷ್ ವೈದ್ಯ ಗವರ್ಸ್ ಹತ್ತೊಂಬತ್ತನೇ ಶತಮಾನದಲ್ಲೇ ವಿವರಿಸಿದ ಈ ಚಿಹ್ನೆ ಇಂದಿಗೂ ವೈದ್ಯರಿಗೆ ದಾರಿದೀಪ.

ವೈದ್ಯರಿಗೆ ತೋರಿಸಲೇಬೇಕಾದ ಲಕ್ಷಣಗಳು

* 18 ತಿಂಗಳಾದರೂ ಒಂಟಿಯಾಗಿ ನಡೆಯದಿರುವುದು.
* ಎರಡೂವರೆ ವರ್ಷವಾದರೂ ಓಡಲು, ಮೂರು ದಾಟಿದರೂ ಜಿಗಿಯಲು ಬಾರದಿರುವುದು.
* ಮೂರು ವರ್ಷದ ಮೇಲೂ ಯಾವಾಗಲೂ ತುದಿಗಾಲಲ್ಲೇ ನಡೆಯುವುದು.
* ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರುವುದು, ಬಾತುಕೋಳಿಯಂತೆ ಓಲಾಡಿ ನಡೆಯುವುದು.
* ಕೈಕಾಲು ಬಿರುಸಾಗಿರುವುದು ಅಥವಾ ಬಟ್ಟೆಯ ಗೊಂಬೆಯಂತೆ ಸಡಿಲವಾಗಿರುವುದು.
* ಒಂದೂವರೆ ವರ್ಷಕ್ಕೆ ಮುಂಚೆಯೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಚ್ಚಿಟ್ಟುಕೊಳ್ಳುವುದು, ಒಂದು ಕಾಲು ಎಳೆಯುವುದು.
* ಕಲಿತದ್ದನ್ನು ಮರೆಯುವುದು. ನಿನ್ನೆ ಮೆಟ್ಟಿಲು ಹತ್ತುತ್ತಿದ್ದ ಮಗು ಇಂದು ಹತ್ತಲಾರದಿದ್ದರೆ, ವಯಸ್ಸು ಯಾವುದೇ ಇರಲಿ, ತಡಮಾಡಬಾರದು.

ಇದ್ದಕ್ಕಿದ್ದಂತೆ ಮಗುವಿನ ಕಾಲು ಅಥವಾ ಕೈ ಸೋತು ಜೋತುಬಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಭಾರತದಲ್ಲಿ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರಲ್ಲಿ ನಮ್ಮ ದೇಶ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಆದರೂ 15 ವರ್ಷದೊಳಗಿನ ಮಕ್ಕಳಲ್ಲಿ ಹಠಾತ್ತನೆ ಬರುವ ಇಂಥ ಸೋಲನ್ನು ಸರಕಾರಕ್ಕೆ ವರದಿ ಮಾಡಿ, ಮಲ ಪರೀಕ್ಷೆ ಮಾಡಿಸುವ ವ್ಯವಸ್ಥೆ ಜಾರಿಯಲ್ಲಿದೆ.

ಪೈಲ್ವಾನನ ಕಾಲು ಮತ್ತು ದುರ್ಬಲ ಸ್ನಾಯು

ಈಗ ಶಿರೂರಿನ ತಾಯಿಯ ಪತ್ರಕ್ಕೆ ಬರೋಣ. ತಡವಾದ ನಡಿಗೆ, ಮೇಲಿಂದ ಮೇಲೆ ಬೀಳುವುದು, ಏಳಲು ಮೊಣಕಾಲಿನ ಆಸರೆ, ಜೊತೆಗೆ ದಪ್ಪನೆಯ ಮೀನಖಂಡ. ಇವೆಲ್ಲ ಒಂದೇ ಗಂಡು ಮಗುವಿನಲ್ಲಿ ಕೂಡಿದಾಗ ವೈದ್ಯರು ಮೊದಲು ತಳ್ಳಿಹಾಕಬೇಕಾದದ್ದು ಡುಶೇನ್ ಸ್ನಾಯುಕ್ಷಯ ಎಂಬ ರೋಗವನ್ನು. ಮೀನಖಂಡ ದಪ್ಪವಾಗಿರುವುದು ಶಕ್ತಿಯಿಂದಲ್ಲ. ಸ್ನಾಯುವಿನ ಎಳೆಗಳು ಸವೆದು, ಆ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುವುದರಿಂದ. ನೋಡಲು ಗರಡಿಮನೆಯ ಕಾಲು, ಒಳಗೆ ಬಲವಿಲ್ಲ.

ಸ್ನಾಯುವಿನ ಜೀವಕೋಶಕ್ಕೆ ಕವಚದಂತಿರುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ತಯಾರಾಗುವುದಿಲ್ಲ. ಅದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಆದ್ದರಿಂದ ರೋಗ ಬಹುತೇಕ ಗಂಡು ಮಕ್ಕಳಿಗೇ ಬರುತ್ತದೆ, ಸುಮಾರು 3,500ರಿಂದ 5,000 ಗಂಡು ಮಕ್ಕಳಲ್ಲಿ ಒಬ್ಬನಿಗೆ. ಚಿಕಿತ್ಸೆಯಿಲ್ಲದಿದ್ದರೆ ಹನ್ನೆರಡು ವರ್ಷದ ಹೊತ್ತಿಗೆ ಮಗು ನಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬಳಿಕ ಹೃದಯ ಮತ್ತು ಉಸಿರಾಟದ ಸ್ನಾಯುಗಳೂ ಸೋಲುತ್ತವೆ.

ಪತ್ತೆಗೆ ಮೊದಲ ಹೆಜ್ಜೆ ಸರಳ. ಕ್ರಿಯಾಟಿನ್ ಕೈನೇಸ್ ಎಂಬ ರಕ್ತಪರೀಕ್ಷೆ. ಈ ರೋಗದಲ್ಲಿ ಅದರ ಪ್ರಮಾಣ ಸಹಜಕ್ಕಿಂತ ಹತ್ತಾರು ಪಟ್ಟು ಏರಿರುತ್ತದೆ. ಖಚಿತಪಡಿಸಲು ಜೀನ್ ಪರೀಕ್ಷೆ ಬೇಕು. ಇಲ್ಲಿ ಒಂದು ಎಚ್ಚರಿಕೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಯಕೃತ್ತಿನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇವೆ. ಸ್ನಾಯು ಸವೆದಾಗ ಇವೂ ಏರುತ್ತವೆ. ಅದನ್ನು ಕಾಮಾಲೆಯೆಂದು ಭಾವಿಸಿ ತಿಂಗಳುಗಟ್ಟಲೆ ಯಕೃತ್ತಿಗೆ ಔಷಧಿ ಕೊಟ್ಟ, ನಾಟಿ ಮದ್ದು ಕುಡಿಸಿದ ಪ್ರಕರಣಗಳು ಅಪರೂಪವಲ್ಲ. ನಡಿಗೆ ಸರಿಯಿಲ್ಲದ ಮಗುವಿನಲ್ಲಿ ಈ ಕಿಣ್ವಗಳು ಏರಿದ್ದರೆ ಕ್ರಿಯಾಟಿನ್ ಕೈನೇಸ್ ಪರೀಕ್ಷೆಯನ್ನೂ ಮಾಡಿಸಿ ಎಂದು ಕೇಳಿರಿ.

ಗುಣವಾಗದ ರೋಗವಾದರೆ ಬೇಗ ತಿಳಿದು ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ಪ್ರಯೋಜನ ದೊಡ್ಡದಿದೆ. ವೈದ್ಯರ ಉಸ್ತುವಾರಿಯಲ್ಲಿ ಸಕಾಲಕ್ಕೆ ಕೊಟ್ಟ ಸ್ಟೆರಾಯ್ಡ್ ಔಷಧಿ ನಡೆಯುವ ವರ್ಷಗಳನ್ನು ಹೆಚ್ಚಿಸುತ್ತದೆ. ದಿನವೂ ಕೀಲು ಹಿಗ್ಗಿಸುವ ವ್ಯಾಯಾಮ ಕಾಲು ಸೆಟೆಯುವುದನ್ನು ತಡೆಯುತ್ತದೆ. ಹೃದಯದ ತಪಾಸಣೆ ಮೊದಲಿನಿಂದಲೇ ನಡೆಯುತ್ತದೆ. ಶಸ್ತ್ರಚಿಕಿತ್ಸೆ ಬೇಕಾದಾಗ ಅರಿವಳಿಕೆ ವೈದ್ಯರು ಅಪಾಯಕರ ಔಷಧಿಗಳನ್ನು ಬಿಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಮಗುವಿನ ವಿಚಾರ. ಸುಮಾರು ಮೂರರಲ್ಲಿ ಎರಡು ಪ್ರಕರಣಗಳಲ್ಲಿ ತಾಯಿ ದೋಷದ ವಾಹಕಿಯಾಗಿರುತ್ತಾಳೆ, ಅವಳ ಪ್ರತಿ ಗಂಡು ಮಗುವಿಗೂ ರೋಗ ಬರುವ ಸಂಭವ ಅರ್ಧದಷ್ಟು. ಮೊದಲ ಮಗುವಿನ ರೋಗ ತಿಳಿಯುವಷ್ಟರಲ್ಲಿ ಎರಡನೆಯದೂ ಹುಟ್ಟಿ, ಎರಡಕ್ಕೂ ಅದೇ ಗತಿಯಾದ ಮನೆಗಳಿವೆ. ತಳಿ ಸಲಹೆ ಪಡೆದರೆ ಈ ದುಃಖವನ್ನು ತಪ್ಪಿಸಬಹುದು. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ. ಅವಳನ್ನು ದೂರುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನ.

ಸೋದರಸಂಬಂಧದ ಮದುವೆಯಿಂದ ಈ ರೋಗ ಬರುವುದಿಲ್ಲ. ಆದರೆ ಸ್ನಾಯು ಮತ್ತು ನರಗಳ ಬೇರೆ ಕೆಲವು ಅನುವಂಶಿಕ ರೋಗಗಳ ಸಂಭವ ಅಂಥ ಮದುವೆಗಳಲ್ಲಿ ಹೆಚ್ಚು. ನಮ್ಮ ಭಾಗದಲ್ಲಿ ಮಾವ, ಅತ್ತೆಯ ಮಕ್ಕಳ ನಡುವಿನ ಸಂಬಂಧ ಇನ್ನೂ ಬಳಕೆಯಲ್ಲಿರುವುದರಿಂದ ಇದನ್ನು ತಿಳಿದಿರುವುದು ಒಳ್ಳೆಯದು.

ಶಿರೂರಿನ ಮಗುವಿಗೆ ಇದೇ ರೋಗ ಎಂದು ಪತ್ರ ಓದಿ ಹೇಳಲಾಗದು. ಥೈರಾಯ್ಡ್ ಕೊರತೆ, ಮೂಳೆರೋಗ, ಹೆರಿಗೆಯಲ್ಲಿ ಮಿದುಳಿಗಾದ ಪೆಟ್ಟಿನಿಂದ ಬರುವ ಸೆರೆಬ್ರಲ್ ಪಾಲ್ಸಿ, ಬರೀ ಅಪೌಷ್ಟಿಕತೆ, ಇವುಗಳಲ್ಲಿ ಯಾವುದೂ ಇರಬಹುದು. ಹಲವಕ್ಕೆ ಪೂರ್ತಿ ಚಿಕಿತ್ಸೆಯಿದೆ. ಪರೀಕ್ಷಿಸಿದಾಗ ಏನೂ ಇಲ್ಲವೆಂದಾದರೆ ಮನೆಯವರ ಎದೆಭಾರವಾದರೂ ಇಳಿಯುತ್ತದೆ.

ಗ್ರಹಣದ ಗುಂಡಿ ಬೇಡ

ನಡೆಯಲಾರದ ಮಗುವನ್ನು ಗ್ರಹಣದ ಹೊತ್ತಿನಲ್ಲಿ ಮಣ್ಣಿನ ಗುಂಡಿಯಲ್ಲಿ ಹೂತರೆ ಕಾಲು ಬರುತ್ತದೆ ಎಂಬ ನಂಬಿಕೆ ನಮ್ಮ ಉತ್ತರ ಕರ್ನಾಟಕದಲ್ಲಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಹೂತಿದ್ದು ದೇಶದಾದ್ಯಂತ ಸುದ್ದಿಯಾಯಿತು. ಆ ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿ ಕಡಿಮೆಯಿತ್ತೆಂದಲ್ಲ. ಆಸೆ ಬಲವಾಗಿತ್ತು, ದಾರಿ ಗೊತ್ತಿರಲಿಲ್ಲ. ಎದೆಯ ಮೇಲೆ ಮಣ್ಣಿನ ಭಾರ ಬಿದ್ದರೆ ದುರ್ಬಲ ಸ್ನಾಯುವಿನ ಮಗುವಿಗೆ ಉಸಿರಾಟವೇ ಕಷ್ಟ. ಅದರಿಂದ ಯಾವ ಕಾಲಿಗೂ ಬಲ ಬಂದದ್ದಿಲ್ಲ. ಎಣ್ಣೆ ತಿಕ್ಕಿ ಎರೆಯುವುದರಿಂದ ಹಾನಿಯಿಲ್ಲ, ಮಗುವಿಗೆ ಹಿತ. ಆದರೆ ಅದೂ ರೋಗಕ್ಕೆ ಮದ್ದಲ್ಲ.

ಎಲ್ಲಿ ತೋರಿಸಬೇಕು?

ತಾಯಿ ಕಾರ್ಡನ್ನು ಲಸಿಕೆಗೆಂದು ಮಾತ್ರ ಇಟ್ಟುಕೊಳ್ಳಬೇಡಿ. ಅದರಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಚಿತ್ರಗಳೂ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಬೆಳವಣಿಗೆಯ ವಿಳಂಬವನ್ನು ಗುರುತಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಆ ದಿನ ಮಗುವನ್ನು ತಪ್ಪಿಸದೆ ಕಳಿಸಿ, ನಿಮ್ಮ ಸಂಶಯವನ್ನು ಬಾಯಿಬಿಟ್ಟು ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರಿಗೆ ಚೀಟಿ ಪಡೆಯಬಹುದು. ನರ ಮತ್ತು ಸ್ನಾಯು ರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಕೂಡಿ ಉನ್ನತ ಚಿಕಿತ್ಸಾ ಕೇಂದ್ರವಾಗಿವೆ. ಸ್ನಾಯುಕ್ಷಯ ಮತ್ತು ಸೆರೆಬ್ರಲ್ ಪಾಲ್ಸಿ ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿವೆ. ಪ್ರಮಾಣಪತ್ರ ಪಡೆದರೆ ಸರಕಾರದ ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಮನೆಯಲ್ಲಿ ಏನು ಮಾಡಬೇಕು?

ರೋಗವಿಲ್ಲದ ಮಕ್ಕಳಲ್ಲೂ ಈಗ ಸ್ನಾಯು ಸೊರಗುತ್ತಿದೆ. ಕಾರಣ ಅವಕಾಶದ ಕೊರತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ ಮೂರು ಗಂಟೆ ಮೈಯಾಡಿಸಬೇಕು, ಅದರಲ್ಲಿ ಒಂದು ಗಂಟೆಯಾದರೂ ಏದುಸಿರು ಬರುವಂಥ ಆಟವಿರಬೇಕು. ಟಿ.ವಿ., ಮೊಬೈಲ್ ಮುಂದೆ ಒಂದು ಗಂಟೆಗಿಂತ ಹೆಚ್ಚು ಬೇಡ. ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕು. ಎಚ್ಚರವಿರುವಾಗ ಒಂದೇ ಕಡೆ ಕಟ್ಟಿ ಕೂರಿಸಿದ್ದು ಒಂದು ಗಂಟೆ ಮೀರಬಾರದು.

ಇಳಕಲ್ಲ, ಗುಳೇದಗುಡ್ಡದ ನೇಕಾರ ಮನೆಗಳಲ್ಲಿ ಮಗ್ಗದ ಕೆಲಸ ಮುಗಿಯುವವರೆಗೆ ಕೂಸು ಜೋಳಿಗೆಯಲ್ಲೇ ಇರುವುದುಂಟು. ಮಗ್ಗದ ಕುಣಿಯ ಬಳಿ ತೆವಳುವ ಕೂಸನ್ನು ಬಿಡಲು ಭಯವಾಗುವುದು ಸಹಜ. ಕುಣಿಗೆ ಅಡ್ಡ ಹಲಗೆ ಹಾಕಿ, ಇನ್ನೊಂದು ಮೂಲೆಯಲ್ಲಿ ಕೌದಿ ಹಾಸಿ, ನಡುನಡುವೆ ಮಗುವನ್ನು ಬೋರಲು ಮಲಗಿಸಿ ಆಡಲು ಬಿಡಿ.

ಗಾಲಿಯಿರುವ ಪ್ಲಾಸ್ಟಿಕ್ ವಾಕರಿನಲ್ಲಿ ಮಗುವನ್ನು ಕೂರಿಸುವುದು ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಅಪಾಯವಿದೆ. ಕೆನಡಾ ದೇಶ 2004ರಲ್ಲೇ ಅದನ್ನು ನಿಷೇಧಿಸಿತು. ನಮ್ಮ ಬಡಿಗರು ಮಾಡುವ ಮೂರು ಗಾಲಿಯ ಮರದ ಬಂಡಿಯ ರೀತಿಯೇ ಬೇರೆ. ಮಗು ತನ್ನ ಕಾಲ ಮೇಲೆ ತಾನೇ ನಿಂತು, ಅದನ್ನು ಹಿಡಿದು ತಳ್ಳುತ್ತದೆ. ಭಾರ ಕಾಲಿನ ಮೇಲಿರುತ್ತದೆ, ಸಮತೋಲ ಕಲಿಯುತ್ತದೆ. ಹತ್ತಿರ ದೊಡ್ಡವರಿದ್ದರೆ ಇದು ಒಳ್ಳೆಯ ಆಟಿಕೆ.

ಆಟಿಕೆಗೆ ಹಣ ಸುರಿಯಬೇಕಿಲ್ಲ. ಅಪ್ಪಾಳೆ ತಿಪ್ಪಾಳೆ ಆಡಿದಾಗ ಒಳಗಿವಿಯ ಸಮತೋಲ ಪಳಗುತ್ತದೆ. ಕುಂಟಾಬಿಲ್ಲೆ ಒಂಟಿಗಾಲಿನ ಬಲ ಬೆಳೆಸುತ್ತದೆ. ಕಣ್ಣಾಮುಚ್ಚಾಲೆ ಓಡುವುದನ್ನೂ ಥಟ್ಟನೆ ನಿಲ್ಲುವುದನ್ನೂ ಕಲಿಸುತ್ತದೆ. ಹಳೆಯ ಸೀರೆಯ ಚಿಂದಿಯಿಂದ ಕಟ್ಟಿದ ಚೆಂಡು ಮೂರು ವರ್ಷದ ಮಗುವಿಗೆ ಉತ್ತಮ. ಅದು ಪುಟಿಯುವುದಿಲ್ಲ, ಮುಖಕ್ಕೆ ಬಡಿದರೆ ನೋವಿಲ್ಲ. ಬನಶಂಕರಿ ಜಾತ್ರೆಗೆ ಹೋದಾಗ ಮಗುವನ್ನು ಉದ್ದಕ್ಕೂ ಹೆಗಲ ಮೇಲೆ ಹೊರಬೇಡಿ. ಜನಸಂದಣಿ ಇಲ್ಲದ ಕಡೆ ನಡೆಸಿ. ಬಾದಾಮಿಯ ಗುಹೆಗಳ ಮೆಟ್ಟಿಲನ್ನು ಕೈಹಿಡಿದು ಹತ್ತಿಸಿ. ಒಳಗೆ ಹಸನಾದ ನೆಲವಿದ್ದಲ್ಲಿ ಬರಿಗಾಲಲ್ಲಿ ಆಡಲಿ.

ಊಟವೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿರುವ ಮಗು ಬೇಗ ದಣಿದು ಮೂಲೆಯಲ್ಲಿ ಕೂರುತ್ತದೆ, ಕೂತಷ್ಟೂ ಸ್ನಾಯು ಸೊರಗುತ್ತದೆ. ರೊಟ್ಟಿಯ ಜೊತೆ ಹೆಸರು, ಮಡಕಿ ಕಾಳಿನ ಪಲ್ಯ, ಸೊಪ್ಪು, ನಿಂಬೆಹಣ್ಣು, ಶೇಂಗಾ ಚಟ್ನಿ, ಸಾಧ್ಯವಾದರೆ ಮೊಟ್ಟೆ, ಹಾಲು ಕೊಡಿ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣಾಂಶದ ಔಷಧಿಯನ್ನು ಚೆಲ್ಲಬೇಡಿ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಊರೂರಿಗೂ ಅಂಗನವಾಡಿಯಿದೆ. ಅಲ್ಲಿ ಮಕ್ಕಳು ಕುಣಿಯುವುದನ್ನು ಕಂಡು ‘ಏನೂ ಕಲಿಸುವುದಿಲ್ಲ’ ಎನ್ನುವ ಪಾಲಕರಿದ್ದಾರೆ. ಕುಣಿಯುವುದೇ ಆ ವಯಸ್ಸಿನ ಕಲಿಕೆ. ‘ಇಲ್ಲಿ ಆಟಕ್ಕೆ ಜಾಗ ಎಷ್ಟಿದೆ?’ ಎಂದು ಕೇಳುವುದು ಪಾಲಕರ ಹಕ್ಕು.

ಕೊನೆಯ ಮಾತು

ಮಗುವನ್ನು ದಿನವೂ ನೋಡುವವರು ತಾಯಿ. ವೈದ್ಯರು ನೋಡುವುದು ಹತ್ತು ನಿಮಿಷ. ‘ಏನೋ ಸರಿಯಿಲ್ಲ’ ಎಂದು ತಾಯಿಗೆ ಅನ್ನಿಸಿದರೆ ಅದನ್ನು ‘ಚಿಂತೆಗೇಡಿ ಚಿಂತೆ’ ಎಂದು ತಳ್ಳಿಹಾಕಬಾರದು. ತಡವಾಗಿ ನಡೆದ ಅಪ್ಪಂದಿರ ಮಕ್ಕಳೂ ತಡವಾಗಿ ನಡೆಯುವುದುಂಟು, ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹಾಗೆ ತಡವಾದ ಮಗು ನಡೆದ ಮೇಲೆ ಉಳಿದವರನ್ನು ಹಿಡಿಯುತ್ತದೆ. ಹಿಂದೆ ಬೀಳುತ್ತಲೇ ಹೋಗುವ ಮಗುವಿನ ಕಥೆ ಬೇರೆ.

ಶಿರೂರಿನ ತಾಯಿಯೇ, ಮಗನನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರಲ್ಲಿಗೆ ಹೋಗಿರಿ. ನೆಲದಿಂದ ಹೇಗೆ ಏಳುತ್ತಾನೆ ಎಂಬುದನ್ನು ಅವರ ಮುಂದೆ ತೋರಿಸಿರಿ. ಕ್ರಿಯಾಟಿನ್ ಕೈನೇಸ್ ಪರೀಕ್ಷೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ. ವೈದ್ಯರ ಬಾಯಿಂದ ಕೇಳಿದ ಮೇಲೆ, ಮುಂದೆ ಏನೇ ಬಂದರೂ ನಿಮ್ಮ ಕೈಹಿಡಿಯುವವರು ಅವರೇ.